ಎರಡು ಚಾರ್ಜ್‌ಗಳ ಬಲ ಸೊನ್ನೆಯಾಗುವ ಜಾಗ ಎಲ್ಲಿ?

[ಪರದೆ: ಅಡ್ಡಗೆರೆ. ಎಡತುದಿಯಲ್ಲಿ +4, ಬಲತುದಿಯಲ್ಲಿ +1. ನಡುವೆ 30 ಸೆಂ.ಮೀ.]

ಎಡಗಡೆ +4 ಮೈಕ್ರೋಕೂಲಂಬ್ ಚಾರ್ಜ್ ಇದೆ, ಬಲಗಡೆ +1. ನಡುವೆ 30 ಸೆಂಟಿಮೀಟರ್. ಮೂರನೆಯ ಚಾರ್ಜನ್ನು ಎಲ್ಲಿಟ್ಟರೆ ಅದರ ಮೇಲಿನ ಒಟ್ಟು ಬಲ ಸೊನ್ನೆಯಾಗುತ್ತದೆ?

ಸೂತ್ರ ಆಮೇಲೆ. ಮೊದಲು ಬಾಣ ಎಳೆಯೋಣ. ಈ ಲೆಕ್ಕದಲ್ಲಿ ಅರ್ಧ ಕೆಲಸ ಬಾಣಗಳದ್ದೇ.

[ಪರದೆ: ಮೂರನೆಯ ಚಾರ್ಜ್ ಜಾಗ ಬದಲಿಸಿದಂತೆ ಬಾಣಗಳು ತಿರುಗುತ್ತವೆ]

ಮೂರನೆಯದು ಧನ ಚಾರ್ಜ್ ಎಂದುಕೊಳ್ಳಿ. ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಇಟ್ಟರೆ ಬಾಣಗಳು ಓರೆಯಾಗುತ್ತವೆ, ಒಂದು ಇನ್ನೊಂದನ್ನು ಪೂರ್ತಿ ಅಳಿಸಲಾರದು. ಹಾಗಾಗಿ ಗೆರೆಯ ಮೇಲೇ ಹುಡುಕಬೇಕು. +4ರ ಎಡಕ್ಕೆ ಇಟ್ಟರೆ ಎರಡೂ ಎಡಕ್ಕೆ ತಳ್ಳುತ್ತವೆ. +1ರ ಬಲಕ್ಕೆ ಇಟ್ಟರೆ ಎರಡೂ ಬಲಕ್ಕೆ. ಬಾಣಗಳು ಎದುರುಬದುರಾಗುವುದು ಮಧ್ಯದಲ್ಲಿ ಮಾತ್ರ.

ಮಧ್ಯ ಅಂದರೆ ಸರಿಯಾಗಿ ಎಲ್ಲಿ? 1785ರಲ್ಲಿ ಫ್ರಾನ್ಸಿನ ಕೂಲಂಬ್ ಅಳೆದು ತೋರಿಸಿದ ನಿಯಮ ಇಲ್ಲಿ ಬೇಕು. ದೂರ ಎರಡು ಪಟ್ಟಾದರೆ ಬಲ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ನಮ್ಮಲ್ಲಿ ದೊಡ್ಡ ಚಾರ್ಜ್ ಚಿಕ್ಕದರ ನಾಲ್ಕು ಪಟ್ಟು ಇದೆ. ದೊಡ್ಡದರಿಂದ ಎರಡು ಪಟ್ಟು ದೂರ ನಿಂತರೆ ಸರಿಹೋಯ್ತು, ಅಲ್ವಾ? +4ರಿಂದ 20 ಸೆಂ.ಮೀ., +1ರಿಂದ 10. ತಾಳೆ ನೋಡಿ: ಅಲ್ಲಿ ಎರಡರ ಕ್ಷೇತ್ರವೂ, ಅಂದರೆ ಒಂದು ಕೂಲಂಬ್ ಚಾರ್ಜ್ ಇಟ್ಟರೆ ಅದರ ಮೇಲೆ ಬೀಳುವ ಬಲ, ಒಂದು ಕೂಲಂಬ್‌ಗೆ 9 ಲಕ್ಷ ನ್ಯೂಟನ್, ದಿಕ್ಕು ಮಾತ್ರ ವಿರುದ್ಧ.

ಮೂರನೆಯ ಚಾರ್ಜ್ ಎಷ್ಟು ದೊಡ್ಡದು ಅಂತ ಕೇಳಲೇ ಇಲ್ಲ, ಗಮನಿಸಿದಿರಾ? ಬೇಕಾಗಿಲ್ಲ. ಅದು ಎರಡೂ ಕಡೆ ಇದ್ದು ಹೊಡೆದುಹೋಗುತ್ತದೆ. ಋಣವಾದರೆ ಎರಡು ಬಾಣಗಳೂ ತಿರುಗುತ್ತವೆ, ಜಾಗ ಅದೇ.

[ಪರದೆ: +4ರಿಂದ ದೂರ = 20 ಅಥವಾ 60]

ಇದನ್ನೇ ವರ್ಗ ಸಮೀಕರಣ ಮಾಡಿ ಬಿಡಿಸಿದರೆ ಎರಡು ಉತ್ತರ ಬರುತ್ತವೆ, 20 ಮತ್ತು 60. ತುಂಬಾ ಜನ 60ನ್ನು ಸುಮ್ನೆ ಹೊಡೆದುಹಾಕಿ ಮುಂದೆ ಹೋಗುತ್ತಾರೆ. ನನಗಂತೂ ಈ ಲೆಕ್ಕದಲ್ಲಿ ಇಷ್ಟವಾಗುವುದೇ ಆ 60. ಅದು +1ನ್ನು ದಾಟಿ ಇನ್ನೂ 30 ಸೆಂ.ಮೀ. ಬಲಕ್ಕಿರುವ ಜಾಗ. ಅಲ್ಲೂ ಎರಡು ಬಲಗಳ ಅಳತೆ ಸಮ, ಆದರೆ ಎರಡೂ ಒಂದೇ ಕಡೆ ತಳ್ಳುತ್ತವೆ. ವರ್ಗ ಮಾಡಿದ ಮೇಲೆ ಸಮೀಕರಣಕ್ಕೆ ದಿಕ್ಕು ಗೊತ್ತಾಗುವುದಿಲ್ಲ.

ಈಗ +1ನ್ನು −1 ಮಾಡಿ.

[ಪರದೆ: ಬಲಗಡೆಯ ಬಾಣವೊಂದು ತಿರುಗುತ್ತದೆ. 20 ಮಸುಕಾಗುತ್ತದೆ, 60 ಬೆಳಗುತ್ತದೆ]

ಸಮೀಕರಣ ಅದೇ, ಉತ್ತರಗಳೂ ಅವೇ. ಆದರೆ ಈಗ 60 ಸರಿ, 20 ತಪ್ಪು! ಮಧ್ಯದಲ್ಲಿ ಒಂದು ತಳ್ಳುತ್ತದೆ, ಇನ್ನೊಂದು ಅದೇ ಕಡೆಗೆ ಎಳೆಯುತ್ತದೆ. ಹೊರಗೆ, ಚಿಕ್ಕ ಚಾರ್ಜಿನ ಆಚೆ, ಬಾಣಗಳು ಎದುರಾಗುತ್ತವೆ. ದೊಡ್ಡದರ ಆಚೆ ಯಾಕಾಗದು? ಅಲ್ಲಿ ದೊಡ್ಡದೇ ಹತ್ತಿರವೂ ಇರುತ್ತದೆ, ಚಿಕ್ಕದು ಅದಕ್ಕೆ ಸಾಟಿಯಾಗುವುದೇ ಇಲ್ಲ. ಇನ್ನು +4 ಮತ್ತು −4 ಇದ್ದರೆ? ಎಷ್ಟು ದೂರ ಹೋದರೂ ಅಂಥ ಜಾಗ ಸಿಗುವುದಿಲ್ಲ.

ಬಲ ಸೊನ್ನೆ ಅಂದ ಮಾತ್ರಕ್ಕೆ ಚಾರ್ಜ್ ಅಲ್ಲೇ ನಿಲ್ಲುತ್ತದೆ ಎಂದಲ್ಲ. ಮೊದಲಿನ +4, +1 ಜೋಡಿಗೆ ಬನ್ನಿ. ಧನ ಚಾರ್ಜನ್ನು ಗೆರೆಯ ಉದ್ದಕ್ಕೆ ಸ್ವಲ್ಪ ಸರಿಸಿದರೆ ವಾಪಸ್ ಬರುತ್ತದೆ, ಗೆರೆಯಿಂದ ಚೂರು ಮೇಲೆ ಸರಿಸಿದರೆ ದೂರ ಓಡಿಹೋಗುತ್ತದೆ. ಋಣ ಚಾರ್ಜ್ ಆದರೆ ಇದೆಲ್ಲ ಉಲ್ಟಾ. ಕದಲದೆ ನಿಂತ ಚಾರ್ಜ್‌ಗಳಷ್ಟೇ ಸೇರಿ ಇನ್ನೊಂದನ್ನು ಎಲ್ಲ ದಿಕ್ಕಿನಿಂದಲೂ ಹಿಡಿದಿಡಲಾರವು ಎಂದು ಇಂಗ್ಲೆಂಡಿನ ಗಣಿತಜ್ಞ ಅರ್ನ್‌ಶಾ 1842ರಲ್ಲೇ ಸಾಧಿಸಿ ತೋರಿಸಿದ್ದರು.