ಮೂರು ದಿನ, ಮೂರು ಬಣ್ಣ: ರಂಗೂನ್ ಬಳ್ಳಿ

ಕೇಳುಗರಿಗೆ ನಮಸ್ಕಾರ. ಒಂದೇ ಗೊಂಚಲಿನಲ್ಲಿ ಬಿಳಿ, ಗುಲಾಬಿ, ಕಡುಗೆಂಪು ಹೂಗಳು ಒಟ್ಟಿಗೆ ತೂಗಾಡುವ ಬಳ್ಳಿಯೊಂದನ್ನು ನೀವು ನೋಡಿರಬಹುದು. ರಂಗೂನ್ ಬಳ್ಳಿ ಅಥವಾ ಮಧುಮಾಲತಿ ಎನ್ನಿಸಿಕೊಳ್ಳುವ ಇದರಲ್ಲಿ ಮೂರು ಜಾತಿಯ ಹೂಗಳೇನೂ ಇಲ್ಲ. ಮುಸ್ಸಂಜೆಗೆ ಬೆಳ್ಳಗೆ ಅರಳಿದ ಹೂವೇ ಮರುದಿನ ಗುಲಾಬಿ ಬಣ್ಣಕ್ಕೆ ತಿರುಗಿ, ಮೂರನೆಯ ದಿನ ಕೆಂಪೇರುತ್ತದೆ. ತೊಟ್ಟೆಂದೇ ಭ್ರಮೆ ಹುಟ್ಟಿಸುವ ಬೆರಳುದ್ದದ ಸಪೂರ ಕೊಳವೆಯ ತಳದಲ್ಲಿ ಮಕರಂದವಿರುವುದರಿಂದ, ಇರುಳಿನಲ್ಲಿ ಅದು ಉದ್ದನೆಯ ಹೀರುಗೊಳವೆಯುಳ್ಳ ಪತಂಗಗಳಿಗೆ ದಕ್ಕುತ್ತದೆ. ಹೂವಿನ ಬಿಳುಪು ಮತ್ತು ಕಂಪು ಕತ್ತಲೆಯಲ್ಲಿ ಅವುಗಳಿಗೆ ದಾರಿ ತೋರಿಸುತ್ತವೆ. ಬಣ್ಣವೇರಿದ ಹೂಗಳಿಗೆ ಹಗಲಿನಲ್ಲಿ ಜೇನುಹುಳುಗಳೂ ಚಿಟ್ಟೆಗಳೂ ಬರುತ್ತವೆ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1762ರಲ್ಲಿ ಈ ಸಸ್ಯದ ಕುಲಕ್ಕೆ ಬಳಸಿದ ಕ್ವಿಸ್‌ಕ್ವಾಲಿಸ್ ಎಂಬ ಲ್ಯಾಟಿನ್ ಹೆಸರಿಗೆ 'ಯಾರು, ಎಂಥದು?' ಎಂದು ಅರ್ಥ. ಈಗ ಶಾಸ್ತ್ರೀಯವಾಗಿ ಇದು ಕಾಂಬ್ರೀಟಮ್ ಇಂಡಿಕಮ್ ಆಗಿದೆಯಾದರೂ, ನೆಟ್ಟವರಿಗೆ ಹಳೆಯ ಪ್ರಶ್ನೆಯೇ ಸರಿಯೆನಿಸೀತು. ಏಕೆಂದರೆ ಮೊದಮೊದಲು ಸಾಧು ಪೊದೆಯಂತಿರುವ ಗಿಡ, ಬೇರೂರಿದ ಮೇಲೆ ಇದ್ದಕ್ಕಿದ್ದಂತೆ ಮಾರುದ್ದದ ಕುಡಿಗಳನ್ನು ಚಾಚತೊಡಗುತ್ತದೆ. ಎಲೆ ಉದುರಿದರೂ ಅದರ ತೊಟ್ಟಿನ ಬುಡ ಗಟ್ಟಿಯಾಗಿ ಕೊಕ್ಕೆಮುಳ್ಳಾಗಿ ಉಳಿದು, ಬಳ್ಳಿ ಆಸರೆಗೆ ಸಿಕ್ಕಿಕೊಂಡು ಮೇಲೇರಲು ನೆರವಾಗುತ್ತದೆ. ಬಳ್ಳಿಯನ್ನು ಕತ್ತರಿಸಿ ಸವರುವಾಗ ಬರಿಗೈಗೆ ತರಚುವುದೂ ಇದೇ.

ಆದ್ದರಿಂದ ಸಸಿಗಿಂತ ಮೊದಲು ಚಪ್ಪರದ ಯೋಚನೆ ಮಾಡುವುದು ಒಳಿತು. ತೆಳುವಾದ ಬಿದಿರಿನ ತಟ್ಟಿ ಈ ಬಳ್ಳಿಯ ಭಾರಕ್ಕೆ ಕೆಲವೇ ವರ್ಷಗಳಲ್ಲಿ ಬಾಗಿಬಿಡುತ್ತದೆ. ಕಬ್ಬಿಣದ ಕಮಾನೋ ಗಟ್ಟಿ ಕಂಬಗಳ ಚಪ್ಪರವೋ ಬೇಕು. ದಿನದ ಹೆಚ್ಚು ಹೊತ್ತು ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನೇ ಆರಿಸಬೇಕು. ಪರಿಮಳ ಹೊಮ್ಮುವುದು ಕತ್ತಲಾಗುವ ಹೊತ್ತಿಗಾದ್ದರಿಂದ, ಯಾರೂ ಸುಳಿಯದ ಹಿಂಬದಿಯ ಬೇಲಿಗೆ ಇದನ್ನು ಹಬ್ಬಿಸುವುದು ನನ್ನ ದೃಷ್ಟಿಯಲ್ಲಿ ನಷ್ಟವೇ ಸರಿ. ಸಂಜೆ ಕೂರುವ ಜಗಲಿಯ ಬಳಿ ಅಥವಾ ತೆರೆದ ಕಿಟಕಿಯ ಪಕ್ಕ ಇದು ಇರಬೇಕು.

ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹೂವಿನ ಕಾಲ ಮುಗಿದೊಡನೆ ಧಾರಾಳವಾಗಿ ಸವರಿದರೆ ಬಳ್ಳಿ ಮತ್ತೆ ಕವಲೊಡೆದು ಗೊಂಚಲುಗಳು ಹೆಚ್ಚುತ್ತವೆ. ಸಾರಜನಕದ ಗೊಬ್ಬರ ಅತಿಯಾದರೆ ಎಲೆಯ ಸೊಕ್ಕು ಕಾಣುತ್ತದೆಯೇ ಹೊರತು ಹೂ ಕಾಣುವುದಿಲ್ಲ. ಬುಡದಿಂದ ಕೊಂಚ ದೂರದಲ್ಲಿಯೂ ಬೇರಿನಿಂದ ಮರಿಗಳು ಏಳುತ್ತಿರುತ್ತವೆ. ಬೇಡದವನ್ನು ಎಳೆಯವಾಗಿರುವಾಗಲೇ ಕಿತ್ತು, ಬೇಕೆನಿಸಿದ ಒಂದನ್ನು ಬೇರುಸಹಿತ ಅಗೆದು ಬೇರೆಡೆ ನೆಟ್ಟರೆ ಮತ್ತೊಂದು ಬಳ್ಳಿ ಸಿದ್ಧ. ನಮಸ್ಕಾರ.