ಬಂಡೆಯ ಬಿರುಕಿಗೆ ಇಳಿದ ನೀರು

ಕೇಳುಗರಿಗೆ ನಮಸ್ಕಾರ. ರಾತ್ರಿ ಎಷ್ಟು ಇಂಚು ಮಳೆ ಬಿತ್ತು ಅಂತ ತೋಟದವರು ಆಗಲೇ ಬರೆದಿಟ್ಟಿರುತ್ತೀರಿ. ಆ ನೀರು ಹೊಳೆಗೆ ಹೋಯಿತು, ಗದ್ದೆಗೆ ಹೋಯಿತು, ಸರಿ. ಒಂದು ಪಾಲು ಬಂಡೆಯ ಬಿರುಕಿಗೂ ಇಳಿಯಿತು. ನನ್ನ ಮಾತು ಅದರ ಬಗ್ಗೆ.

ನೀರು ಬಂಡೆಯನ್ನು ನುಣುಪು ಮಾಡಿ ಜಾರಿಸುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ ಸ್ವಾಮಿ, ನೀರು ತಳ್ಳುತ್ತದೆ! ಬಿರುಕಿನ ಎರಡು ಮೈಗಳು ಮೇಲಿನ ಭಾರಕ್ಕೆ ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಆ ಹಿಡಿತದಿಂದಲೇ ಬಂಡೆ ನಿಂತಿರುವುದು. ಒಳಗೆ ನೀರು ತುಂಬಿದರೆ ಜೀಪಿಗೆ ಜಾಕ್ ಕೊಟ್ಟ ಹಾಗೆ ಅವೆರಡನ್ನೂ ದೂರ ತಳ್ಳುತ್ತದೆ. ಬಿರುಕಿನಲ್ಲಿ 10 ಮೀಟರ್ ಎತ್ತರಕ್ಕೆ ನೀರು ನಿಂತರೆ, ತಳದಲ್ಲಿ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 1 ಕಿಲೋ ಭಾರ ಬಿದ್ದಂತೆ. ಹಿಡಿತ ಸಡಿಲವಾಯಿತು, ಬಂಡೆ ಸರಿಯಿತು.

ನನಗೆ ಬಹಳ ಇಷ್ಟವಾದ ಕಥೆ ಅಮೆರಿಕದ ಡೆನ್ವರಿನದು. ಅಲ್ಲಿ ಸೇನೆಯ ರಾಸಾಯನಿಕ ಕಾರ್ಖಾನೆ ಇತ್ತು. ಕೊಳಕು ನೀರನ್ನು ಎಲ್ಲಿಗೆ ಬಿಡುವುದು? 3,671 ಮೀಟರ್ ಆಳಕ್ಕೆ ಬಾವಿ ಕೊರೆದರು. ನಮ್ಮ ಬೋರ್‌ವೆಲ್ ಅಲ್ಲ, ಮೂರೂವರೆ ಕಿಲೋಮೀಟರಿಗೂ ಜಾಸ್ತಿ! 1962ರ ಮಾರ್ಚ್‌ನಲ್ಲಿ ಪಂಪ್ ಶುರು. ಸ್ವಲ್ಪ ದಿನಕ್ಕೇ ನೆಲ ನಡುಗತೊಡಗಿತು. ಯಾಕೆ ಅಂತ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ತಿಂಗಳು ತಿಂಗಳು ಒಳಗೆ ಬಿಟ್ಟ ನೀರಿನ ಲೆಕ್ಕವನ್ನೂ ಕಂಪನಗಳ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನೀರು ಏರಿದಾಗ ಕಂಪನವೂ ಏರಿತ್ತು, ನೀರು ನಿಂತಾಗ ಅದೂ ಇಳಿದಿತ್ತು. 1966ರ ಫೆಬ್ರವರಿಯಲ್ಲಿ ಪಂಪ್ ನಿಲ್ಲಿಸಿದರು. ಮುಗಿಯಿತು ಅಂದುಕೊಂಡಿರಿ, ಅಲ್ವಾ? ಎಲ್ಲಕ್ಕಿಂತ ದೊಡ್ಡ ಕಂಪನ ಬಂದದ್ದು 1967ರಲ್ಲಿ! ಒತ್ತಡ ಬಿರುಕಿನಿಂದ ಬಿರುಕಿಗೆ ಹರಡುತ್ತಲೇ ಇತ್ತು. ತಳ್ಳುತ್ತಲೇ ಇತ್ತು.

ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಗ್ಗೆ ವಿವರವಾಗಿ ಹೇಳಬೇಕಿತ್ತು. ಜಲಾಶಯ ತುಂಬಿದ ಕೆಲವೇ ವರ್ಷಕ್ಕೆ, 1967ರ ಡಿಸೆಂಬರ್‌ನಲ್ಲಿ, 6.3ರ ಭೂಕಂಪ. ಹೊತ್ತಾಯಿತು ಅಂತ ಸ್ಟುಡಿಯೋದವರು ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ.

ನಮ್ಮ ವಿಷಯಕ್ಕೆ ಬರೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವಲ್ಲ, ಅಲ್ಲೂ ಮಣ್ಣಿನೊಳಗೆ ತುಂಬಿದ ನೀರು ಇದೇ ಕೆಲಸ ಮಾಡಿತು. ಮಳೆ ಬಿಟ್ಟ ಕೂಡಲೇ ಈ ಒತ್ತಡ ಇಳಿಯುವುದಿಲ್ಲ. ಬರೆಯ ಮೇಲೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರಿನ ಮೇಲೆ, ಬಿರುಕು ಕಂಡರೆ, ಬಿಸಿಲು ಬಂತಲ್ಲ ಅಂತ ಸುಮ್ನೆ ಕೂರಬೇಡಿ. ಆ ಬರೆಯ ಕೆಳಗೆ ತೋಟದ ಕೆಲಸಗಾರರ ಲೈನ್ ಮನೆ ಇದ್ದರೆ ಮೊದಲು ಜನರನ್ನು ಬೇರೆ ಕಡೆ ಕಳಿಸಿ. ಆಮೇಲೆ ಮೇಲಿಂದ ಬರುವ ನೀರನ್ನು ಚರಂಡಿ ತೆಗೆದು ಬದಿಗೆ ತಿರುಗಿಸಿ. ನಮಸ್ಕಾರ.