ಮಾತಿನೊಳಗಿನ ಮುಳ್ಳು

ಕೇಳುಗರಿಗೆ ನಮಸ್ಕಾರ.

ಒಂದು ಸಣ್ಣ ವಾಕ್ಯದಿಂದ ಶುರು ಮಾಡುತ್ತೇನೆ. 'ಅವನ ಮಾತು ಮುಳ್ಳಿನಂತೆ ಚುಚ್ಚಿತು.' ಇದು ಉಪಮೆ ಅಂತ ನಿಮಗೆ ತಕ್ಷಣ ಹೊಳೆಯುತ್ತದೆ. ಶಾಲೆಯಲ್ಲಿ ಕಲಿತದ್ದು ನೆನಪಿದೆ ಅಲ್ವಾ? ಮಾತು ಉಪಮೇಯ, ಮುಳ್ಳು ಉಪಮಾನ, 'ಅಂತೆ' ಅನ್ನುವುದು ವಾಚಕ ಪದ, ಚುಚ್ಚುವುದು ಸಮಾನ ಧರ್ಮ. ಹೆಸರಿಸಿ ಸಮನ್ವಯಗೊಳಿಸಿದರೆ ಅಂಕ ಸಿಗುತ್ತಿತ್ತು, ಪಾಠ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅಲ್ಲಿಂದ ಸ್ವಲ್ಪ ಮುಂದಕ್ಕೆ ಹೋಗಬೇಕು ಅಂದುಕೊಂಡಿದ್ದೇನೆ.

ಈಗ ಆ ವಾಕ್ಯದಿಂದ 'ಅಂತೆ' ತೆಗೆಯೋಣ. 'ಅವನ ಮಾತೇ ಮುಳ್ಳು.' ಇದು ರೂಪಕ. ಮೊದಲ ವಾಕ್ಯದಲ್ಲಿ ಮಾತು ಬೇರೆ, ಮುಳ್ಳು ಬೇರೆ. ಎರಡರ ನಡುವೆ ಒಂದಿಷ್ಟು ಜಾಗ ಇತ್ತು. ಹೇಳುವವರು ಇನ್ನೂ ಸಮಾಧಾನದಲ್ಲಿ ಇದ್ದರು, ಕೂತು ಹೋಲಿಸಿ ನೋಡುತ್ತಿದ್ದರು. ಎರಡನೆಯದರಲ್ಲಿ ಆ ಜಾಗವೇ ಇಲ್ಲ. ಇನ್ನೂ ಒಂದು ಹೆಜ್ಜೆ ಇಟ್ಟು ಮಾತನ್ನೂ ತೆಗೆದುಬಿಡೋಣ. 'ಆ ಮುಳ್ಳು ಇನ್ನೂ ಒಳಗೇ ಇದೆ.' ಈಗ ಉಳಿದದ್ದು ಉಪಮಾನ ಮಾತ್ರ. ಹಳಬರು ಇದನ್ನು ರೂಪಕಾತಿಶಯೋಕ್ತಿ ಎಂದು ಕರೆದರು. ಹೆಸರು ಉದ್ದ ನಿಜ, ಆದರೆ ಅದು ಮಾಡುವ ಕೆಲಸ ನೋಡಿ. ಯಾರು ಅಂದರು, ಏನು ಅಂದರು, ಎಲ್ಲ ಅಳಿಸಿಹೋಗಿದೆ. ನೋವು ಮಾತ್ರ ಉಳಿದಿದೆ.

ಅಲಂಕಾರ ಅಂದ ಕೂಡಲೇ ನಮಗೆ ಒಡವೆ ನೆನಪಾಗುತ್ತದೆ. ಈ ಪದವೇ ದಾರಿ ತಪ್ಪಿಸುತ್ತದೆ ಅಂತ ನನಗೆ ಬಹಳ ಸಲ ಅನ್ನಿಸಿದೆ. ಒಡವೆ ತೆಗೆದಿಟ್ಟರೂ ಮೈ ಹಾಗೇ ಇರುತ್ತದೆ. ಆದರೆ ಮುಳ್ಳನ್ನು ತೆಗೆದು 'ಅವನ ಮಾತಿನಿಂದ ಬೇಜಾರಾಯಿತು' ಅಂತ ಹೇಳಿದರೆ, ನಾವು ಹೇಳಹೊರಟದ್ದೇ ಕೈತಪ್ಪಿ ಹೋಗಿರುತ್ತದೆ.

ಭರತನ ನಾಟ್ಯಶಾಸ್ತ್ರದಲ್ಲಿ ಇರುವ ಅಲಂಕಾರಗಳು ನಾಲ್ಕೇ ನಾಲ್ಕು: ಉಪಮೆ, ರೂಪಕ, ಒಂದೇ ಪದ ಹಲವು ಮಾತುಗಳಿಗೆ ಹೊಂದಿಕೊಳ್ಳುವ ದೀಪಕ, ಅದೇ ಅಕ್ಷರಗಳ ಗುಂಪು ಮತ್ತೆ ಮತ್ತೆ ಬರುವ ಯಮಕ. ಮುಂದೆ ಅದು ಬೆಳೆದು ನೂರು ದಾಟಿತು. ಕನ್ನಡದ ಮಟ್ಟಿಗೆ ಒಂದು ಸಂಗತಿ ನನಗೆ ತುಂಬ ಇಷ್ಟ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ 9ನೇ ಶತಮಾನದ ಕವಿರಾಜಮಾರ್ಗ. ಅದು ಕತೆಯಲ್ಲ, ಪುರಾಣವೂ ಅಲ್ಲ. ಕಾವ್ಯ ಹೇಗಿರಬೇಕು, ದೋಷ ಯಾವುದು, ಅಲಂಕಾರ ಯಾವುದು ಅಂತ ವಿಚಾರ ಮಾಡುವ ಪುಸ್ತಕ. ಕಾವ್ಯದ ಬಗ್ಗೆ ಸಂಸ್ಕೃತದಲ್ಲಿ ಬರೆದ ದಂಡಿ ಎಂಬ ಪಂಡಿತನಿಂದ ಬಹಳಷ್ಟು ತೆಗೆದುಕೊಂಡರೂ, ಕನ್ನಡಕ್ಕೆ ಯಾವುದು ಒಗ್ಗುತ್ತದೆ ಅಂತಲೂ ಅದು ಯೋಚಿಸುತ್ತದೆ. ಓದುಗರೂ ಹಾಗೇ. ಲಕ್ಷ್ಮೀಶನನ್ನು ಉಪಮಾಲೋಲ ಎಂದು ಕರೆದರು, ಕುಮಾರವ್ಯಾಸನಿಗೆ ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂಬ ಬಿರುದು ಕೊಟ್ಟರು. ಒಬ್ಬ ಕವಿಯನ್ನು ಅವನು ಹೇಗೆ ಹೋಲಿಸುತ್ತಾನೆ ಅನ್ನುವುದರಿಂದಲೇ ಗುರುತಿಸಿದ್ದಾರೆ!

ಇದೆಲ್ಲ ಕವಿಗಳ ಸೊತ್ತು ಅಂದುಕೊಳ್ಳಬೇಡಿ. ನಮ್ಮ ದಿನದ ಮಾತಿನಲ್ಲಿ ಬರೀ 'ಕೈ' ಎನ್ನುವ ಒಂದು ಪದವನ್ನು ಹಿಡಿದು ನೋಡಿ. ಕಷ್ಟದಲ್ಲಿ ಕೈ ಹಿಡಿದ, ಆಮೇಲೆ ಕೈ ಬಿಟ್ಟ. ಇನ್ನು ಆಗುವುದಿಲ್ಲ ಅಂತ ಕೈ ಚೆಲ್ಲಿದ. ಇನ್ನೊಬ್ಬ ಕೈ ಕೊಟ್ಟ. ಈ ಕೊನೆಯದು ವಿಚಿತ್ರ. ಕೈ ನೀಡಿದರೆ ಸಹಾಯ, ಕೈ ಕೊಟ್ಟರೆ ಮೋಸ! ನೀಡುವುದು ಕೊಡುವುದು ಎರಡೂ ಒಂದೇ ಅಲ್ವಾ? ಆದರೂ ಕನ್ನಡ ಬಲ್ಲ ಮಗು ಕೂಡ ಇಲ್ಲಿ ತಪ್ಪುವುದಿಲ್ಲ. ಇವು ಒಂದು ಕಾಲಕ್ಕೆ ಹೊಸ ರೂಪಕಗಳೇ ಆಗಿದ್ದಿರಬೇಕು. ಬಳಸಿ ಬಳಸಿ ಎಷ್ಟು ಸವೆದಿವೆ ಅಂದರೆ, ಒಳಗೊಂದು ಚಿತ್ರ ಇದೆ ಅನ್ನುವುದೇ ನಮಗೆ ಕಾಣುವುದಿಲ್ಲ.

ಇನ್ನು ಸದ್ದು. ರೇಡಿಯೋದಲ್ಲಿ ನನ್ನ ಮುಖ ನಿಮಗೆ ಕಾಣುವುದಿಲ್ಲ, ಸದ್ದೊಂದೇ ಆಸರೆ. ಮಳೆ ಧೋ ಎಂದು ಸುರಿಯಿತು. ಮಳೆ ಪಟಪಟ ಬಿತ್ತು. ಮಳೆ ಜಿಟಿಜಿಟಿ ಹಿಡಿಯಿತು. ಮಳೆ ಜೋರಾಗಿತ್ತೋ, ಆಗತಾನೆ ಶುರುವಾಯಿತೋ, ದಿನವಿಡೀ ಬಿಡಲಿಲ್ಲವೋ, ನಾನು ಬೇರೆ ಹೇಳಬೇಕಾಗಿಲ್ಲ. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕಿತ್ತು. ಅದೇ ಆದಿಪ್ರಾಸ. ಕವಿ ಗೋವಿಂದ ಪೈಯವರು 1911ರಲ್ಲಿ ಅದನ್ನು ಬಿಟ್ಟು ಬರೆದಾಗ ದೊಡ್ಡ ಚರ್ಚೆಯೇ ನಡೆಯಿತು. ಒಂದು ಅಕ್ಷರಕ್ಕೆ ಇಷ್ಟೊಂದು ಗದ್ದಲವೇ ಅಂತ ಅನ್ನಿಸಬಹುದು. ಆದರೆ ಕಿವಿ ನೂರಾರು ವರ್ಷ ಕಾಯುತ್ತಿದ್ದ ಅಕ್ಷರ ಅದು.

ಕೊನೆಗೆ ಭಾಷಣಗಳ ವಿಷಯ. ಇಲ್ಲಿ ನಾವು ಸ್ವಲ್ಪ ಹುಷಾರಾಗಿರಬೇಕು. 'ನಾವು ಇದನ್ನು ಸಹಿಸಿಕೊಂಡು ಕೂರಬೇಕೆ?' ಅಂತ ಒಬ್ಬರು ವೇದಿಕೆಯಿಂದ ಕೇಳುತ್ತಾರೆ. ಉತ್ತರ ಅವರು ಹೇಳುವುದಿಲ್ಲ. 'ಇಲ್ಲ' ಅಂತ ನಾವೇ ಒಳಗೊಳಗೆ ಹೇಳಿಕೊಳ್ಳುತ್ತೇವೆ. ನಾವೇ ಹೇಳಿಕೊಂಡದ್ದರಿಂದ ಅದು ನಮ್ಮದೇ ಅಭಿಪ್ರಾಯ ಅನ್ನಿಸಿಬಿಡುತ್ತದೆ. ಒಬ್ಬರ ಮಾತು ನಮ್ಮನ್ನು ಒಪ್ಪಿಸುವುದಕ್ಕೆ ಮೂರು ದಾರಿ ಇದೆ ಅಂತ ಕ್ರಿ.ಪೂ. 4ನೇ ಶತಮಾನದಲ್ಲೇ ಅರಿಸ್ಟಾಟಲ್ ಬರೆದಿದ್ದ: ಆಡುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ಈ ಪ್ರಶ್ನೆ ತಟ್ಟುವುದು ಎರಡನೆಯ ಬಾಗಿಲನ್ನು.

ಇದಕ್ಕಿಂತ ಮೆಲ್ಲಗೆ ನುಸುಳುವ ಇನ್ನೊಂದು ಜಾಣತನ ಇದೆ. ಅದರಲ್ಲಿ ಹೋಲಿಕೆ ಇಲ್ಲ, ಪ್ರಾಸವೂ ಇಲ್ಲ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. 'ನಾನು ತಪ್ಪು ಮಾಡಿದೆ' ಅನ್ನುವುದು ಒಂದು ಮಾತು. 'ತಪ್ಪಾಗಿದೆ' ಅನ್ನುವುದು ಇನ್ನೊಂದು. ಎರಡನೆಯದರಲ್ಲಿ ತಪ್ಪು ಇದೆ, ಮಾಡಿದವರು ಇಲ್ಲ. ತಪ್ಪು ತಾನಾಗಿಯೇ ಆದ ಹಾಗೆ ಕೇಳಿಸುತ್ತದೆ. ಇನ್ನೊಮ್ಮೆ ಯಾರಾದರೂ 'ತಪ್ಪಾಗಿದೆ' ಅಂದಾಗ ಆ ವಾಕ್ಯವನ್ನು ಸುಮ್ನೆ ಒಂದು ಕ್ಷಣ ತಡೆದು ಹಿಡಿಯಿರಿ, ಕರ್ತೃಪದ ಎಲ್ಲಿ ಹೋಯಿತು ಅಂತ ಹುಡುಕಿ ನೋಡಿ.

ನಮಸ್ಕಾರ.